ರಿಪೇರಿ ದೊಡ್ಡಪ್ಪನ ಕತ್ತಿವರಸೆ

ರಿಪೇರಿ ದೊಡ್ಡಪ್ಪನ ಮನೆಗೆ ಹೋಗುವಾಗ ಕೆಟ್ಟ ಸಾಮಾನು ಯಾವುದೂ ಕೈಯಲ್ಲಿರಬಾರದು. ಚೆನ್ನಾಗಿ ನಡೆಯುತ್ತಿರುವ ಸಾಮಾನಂತೂ ಇರಲೇಬಾರದು. ಕೆಟ್ಟದ್ದನ್ನು ಅವರು ತಿಂಗಳೊಪ್ಪತ್ತಿನಲ್ಲಿ ಸರಿಮಾಡಿ ಕೊಡುತ್ತಾರೆ. ಚೆನ್ನಾಗಿರುವುದನ್ನು ಕಿವಿಗಿಟ್ಟುಕೊಂಡು, "ಒಳಗೆ ಏನೋ ಸಣ್ಣ ಸದ್ದಿದೆಯಲ್ಲಯ್ಯಾ" ಎಂದು ಬಿಚ್ಚಿ ಹರಡುತ್ತಾರೆ.

ಇಂಥವರನ್ನು ನೀವೂ ಬಲ್ಲಿರಿ. ಬೆಂಗಳೂರಿನ ಯಾವ ಹಳೇ ಬಡಾವಣೆಯಲ್ಲಾದರೂ ಸಿಗುತ್ತಾರೆ. ಎಚ್‌ಎಂಟಿಯೋ, ಬಿಇಎಲ್ಲೋ, ಐಟಿಐಯೋ, ಯಾವುದಾದರೊಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಆಯುಷ್ಯ ಸವೆಸಿ, ನಿವೃತ್ತಿಯ ದಿನ ಒಂದು ಶಾಲು, ಒಂದು ಗಡಿಯಾರ ಮತ್ತು 'ಮೈಕ್ರಾನ್' ಎಂಬ ಮಾತನ್ನು ಮನೆಗೆ ತಂದವರು. ಅವರ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯೊಳಗೆ ಸ್ಕ್ರೂ, ಬೂಸ್ಟ್ ಡಬ್ಬದೊಳಗೆ ವಾಷರು, ಬಿಸ್ಕತ್ತಿನ ಡಬ್ಬದೊಳಗೆ ಸ್ಪ್ರಿಂಗು ಇರುತ್ತವೆ. ಬಿಸ್ಕತ್ತು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಮೆತ್ತಗಾಗಿ ಕೂತಿರುತ್ತದೆ.

ನಮ್ಮ ಈ ದೊಡ್ಡಪ್ಪನಿಗೆ ತಾತನ ಟ್ರಂಕಿನಲ್ಲಿ ಮಡಿಸುವ ಕ್ಷೌರದ ಕತ್ತಿಯೊಂದು ಸಿಕ್ಕಿತು. ತಾತ ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದವರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದಾಗ, ಗಂಟುಮೂಟೆ ಕಟ್ಟಿದ ಬಿಳಿ ದೊರೆಯೊಬ್ಬ ಕೊಟ್ಟು ಹೋದ ಕತ್ತಿಯಿದು ಎಂದು ಮನೆಮಂದಿಯ ಕಥೆ. ಮನೆತನದ ಪ್ರತಿ ಮದುವೆಯಲ್ಲೂ ಈ ದೊರೆಗೆ ಒಂದೊಂದು ಬಡ್ತಿ ಸಿಗುತ್ತಾ ಬಂದಿದೆ. ನಾನು ಚಿಕ್ಕವನಿದ್ದಾಗ ಸ್ಟೋರ್ ಕೀಪರ್ ಆಗಿದ್ದವನು ಈಗ ಗಣಿಯ ಸೂಪರಿಂಟೆಂಡೆಂಟ್.

ಕತ್ತಿಯ ಬುಡದಲ್ಲಿ 'ಷೆಫೀಲ್ಡ್, ಇಂಗ್ಲೆಂಡ್' ಎಂದು ಮೊಹರಿತ್ತು. ದೊಡ್ಡಪ್ಪನಿಗೆ ಅಷ್ಟೇ ಸಾಕಾಯಿತು. "ಅಮೆರಿಕದವರು 1890ರಲ್ಲಿ ಸುಂಕದ ಕಾಯಿದೆ ತಂದು, ಹೊರಗಿನ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದ್ರು. ಇಂಗ್ಲೆಂಡ್ ಅಂತ ಹಾಕಿದ್ದಾರೆ ಅಂದ್ಮೇಲೆ ಇದು ಅದಕ್ಕೂ ಈಚಿನದು. ತಿಳೀತಾ?" ಗ್ಯಾಸ್ ಸಿಲಿಂಡರ್ ಹೊತ್ತು ಬಂದ ಹುಡುಗನಿಗೂ ಇದು ತಿಳಿದಿದೆ. ಸಿಲಿಂಡರ್ ಇಳಿಸುವ ಮೊದಲೇ ತಿಳಿಸಲಾಯಿತು.

"ಇದನ್ನು ಸರಿಮಾಡಿ ತಮ್ಮನ ಮಗನಿಗೆ ಕೊಡ್ತೀನಿ" ಎಂದು ದೊಡ್ಡಪ್ಪ ಘೋಷಿಸಿದರು.

"ಅವನೇನು ಕೇಳಿದ್ನೇನ್ರೀ?" ಎಂದರು ದೊಡ್ಡಮ್ಮ.

"ಕೇಳೋದೇನು? ವಂಶದ ಕತ್ತಿ."

ವಂಶವೆಲ್ಲ ಸೇರಿಯೇ ಆ ಕತ್ತಿಯನ್ನು ಹಾಳುಗೆಡವಿತ್ತು. ಅಜ್ಜಿ ಅದರಲ್ಲಿ ರವಿಕೆಯ ಹೊಲಿಗೆ ಬಿಚ್ಚಿದ್ದರು. ಅತ್ತೆಯರು ಪೆನ್ಸಿಲ್ ಹೆರೆದಿದ್ದರು. ಗಾಳಿಪಟಕ್ಕೆ ಬಿದಿರುಕಡ್ಡಿ ಸೀಳಿದವರು ಯಾರೆಂಬ ಪ್ರಶ್ನೆಗೆ ದೊಡ್ಡಪ್ಪ ಉತ್ತರಿಸುವುದಿಲ್ಲ. ಅಲಗಿನಲ್ಲಿ ಹಲ್ಲು ಬಿದ್ದಿತ್ತು, ಮೈತುಂಬ ತುಕ್ಕು, ಹಿಡಿಯನ್ನು ಹುಳು ತಿಂದಿತ್ತು.

ತುಕ್ಕಿಗೆ ದೊಡ್ಡಮ್ಮ ಹುಣಸೆಹಣ್ಣು ಸೂಚಿಸಿದರು. "ಅದು ನಿನ್ನ ಹಿತ್ತಾಳೆ ಚೊಂಬಿಗೆ. ಉಕ್ಕಿಗೆ ಹುಳಿ ತಾಗಿದರೆ ಕಪ್ಪಾಗುತ್ತೆ" ಎಂದು ಅವರ ಕೋಸಂಬರಿ ಬಟ್ಟಲಲ್ಲೇ ಹೊಲಿಗೆ ಮಿಷನ್ ಎಣ್ಣೆ ಸುರಿದು ಕತ್ತಿ ನೆನೆಹಾಕಿದರು. ಅದೇ ಹೊತ್ತಿಗೆ ಬೀದಿಯಲ್ಲಿ ಸಾಣೆ ಹಿಡಿಯುವವನ ಕೂಗು ಕೇಳಿಸಿತು. ಆತ ಗೇಟಿನಲ್ಲೇ ಕೈಚಾಚಿ, "ಕೊಡಿ ಸ್ವಾಮಿ, ಎರಡೇ ನಿಮಿಷ" ಎಂದ. ದೊಡ್ಡಪ್ಪ ಕತ್ತಿಯನ್ನು ಎದೆಗವಚಿಕೊಂಡರು. ಒಣಚಕ್ರಕ್ಕೆ ಕೊಟ್ಟರೆ ತೆಳುವಾದ ಅಲಗು ಕ್ಷಣದಲ್ಲಿ ಕಾಯುತ್ತದೆ, ನೀಲಿ ಬಣ್ಣಕ್ಕೆ ತಿರುಗಿತೋ ಉಕ್ಕಿನ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು ಎಂದು ಆತನಿಗೆ ವಿವರಿಸಿದರು. ಎರಡು ನಿಮಿಷದ ಕೆಲಸಕ್ಕೆ ನಿಂತವನು ಅರ್ಧ ಗಂಟೆಯ ಮೇಲೆ ಬಿಡುಗಡೆ ಹೊಂದಿ, ಸೈಕಲ್ ಹತ್ತಿ ಪಕ್ಕದ ಬೀದಿಗೆ ತಿರುಗಿದ.

ಆಮೇಲೆ ಮಸೆಗಲ್ಲುಗಳು ಬಂದವು. ಹಲ್ಲು ತೆಗೆಯಲು 1000 ಗ್ರಿಟ್, ಮುಂದಕ್ಕೆ 4000, ನಯಕ್ಕೆ 8000, ಕೊನೆಯ ಹೊಳಪಿಗೆ 12000. ಬಿಲ್ಲು ನೋಡಿದ ದೊಡ್ಡಮ್ಮ, "ಈ ದುಡ್ಡಿಗೆ ಗ್ರೈಂಡರೇ ಬರ್ತಿತ್ತು. ಅದರಲ್ಲೂ ಕಲ್ಲಿರುತ್ತೆ" ಎಂದರು. ದೊಡ್ಡಪ್ಪ ಆಗ ವರ್ನಿಯರ್ ಹಿಡಿದು ಲೆಕ್ಕದಲ್ಲಿ ಮುಳುಗಿದ್ದರು. ಕತ್ತಿಯ ಬೆನ್ನಿನ ದಪ್ಪ 6 ಮಿ.ಮೀ., ಅಗಲ 20 ಮಿ.ಮೀ.; ಬೆನ್ನು, ಅಲಗು ಎರಡನ್ನೂ ಕಲ್ಲಿಗೆ ಒರಗಿಸಿ ಎಳೆದರೆ ಕೋನ ತಾನಾಗಿ 17 ಡಿಗ್ರಿ ಚಿಲ್ಲರೆ. "ಕೈ ತಪ್ಪಿದರೂ ಕೋನ ತಪ್ಪಲ್ಲ. ಕತ್ತಿಯೇ ಜಿಗ್!" ಎಂದು ಅವರು ಉದ್ಗರಿಸಿದಾಗ ಸುತ್ತ ಯಾರೂ ಇರಲಿಲ್ಲ. ಒಗೆಯುವ ಕಲ್ಲಿನ ಹತ್ತಿರ ಮನೆಕೆಲಸದಾಕೆ ಇದ್ದಳು. ಈಗ ಆಕೆಗೂ ಕೋನ ಗೊತ್ತು.

ಕಲ್ಲಿನ ಮೇಲೆ ಅಲಗು ಮುಂದಾಗಿ ಹೋಗಬೇಕು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಪಟ್ಟಿಗೆಂದು ದೊಡ್ಡಪ್ಪ ತಮ್ಮ ಸೊಂಟದ ಬೆಲ್ಟನ್ನೇ ತ್ಯಾಗ ಮಾಡಿ, ಆ ತಿಂಗಳೆಲ್ಲ ಪ್ಯಾಂಟಿಗೆ ಪೈಜಾಮದ ಲಾಡಿ ಬಿಗಿದುಕೊಂಡು ಬ್ಯಾಂಕಿಗೂ ಹೋಗಿಬಂದರು. ಹೊಸ ಹಿಡಿಗೆ ಒಳ್ಳೆಯ ಬೀಟೆಮರ ಬೇಕಿತ್ತು. ಎಲ್ಲಿಂದ ತಂದರೆಂದು ಯಾರೂ ವಿಚಾರಿಸಲಿಲ್ಲ. ಆದರೆ ದೊಡ್ಡಮ್ಮನ ತೌರಿನ ಲಟ್ಟಣಿಗೆ ಅಂದಿನಿಂದ ನಾಪತ್ತೆ, ಸ್ಕ್ರೂ ತುಂಬಿದ್ದ ಹಾರ್ಲಿಕ್ಸ್ ಬಾಟಲಿಯೊಂದು ಖಾಲಿಯಾಗಿ ಅಡುಗೆಮನೆ ಸೇರಿ ಚಪಾತಿ ಲಟ್ಟಿಸುತ್ತಿದೆ.

ಹರಿತದ ಪರೀಕ್ಷೆಗೆ ಕೂದಲು ಬೇಕು. ದೊಡ್ಡಪ್ಪನ ತಲೆಯಲ್ಲಿ ಆ ಸೌಲಭ್ಯವಿಲ್ಲ. ಹಾಗಾಗಿ ಆ ದಿನಗಳಲ್ಲಿ ಅವರ ಮನೆಗೆ ಹೋಗಿಬಂದವರನ್ನು ಗುರುತಿಸುವುದು ಸುಲಭವಾಗಿತ್ತು. ಎಡಗೈಯಲ್ಲಿ ಅಂಚೆಚೀಟಿಯಷ್ಟು ಜಾಗ ನುಣ್ಣಗಿರುತ್ತಿತ್ತು.

ಕೊನೆಗೊಂದು ಭಾನುವಾರ ವಾರಸುದಾರನಿಗೆ ಬುಲಾವು ಹೋಯಿತು. ಹುಡುಗ ಬಂದ. ಅವನ ಹಿಂದೆ ಅಥವಾ ಮುಂದೆ ಎನ್ನಬೇಕು, ಗಡ್ಡ ಬಂತು. 2018ರಲ್ಲಿ ಯಶ್ ಅವರ ಸಿನಿಮಾ ನೋಡಿ ಬಿಟ್ಟದ್ದು, ಇನ್ನೂ ಇಳಿದಿಲ್ಲ. ಅದಕ್ಕೆ ಬೇರೆ ಎಣ್ಣೆ, ಬೇರೆ ಬಾಚಣಿಗೆ.

"ದೊಡ್ಡಪ್ಪ, ಕತ್ತಿಯೂ ಕೆಜಿಎಫ್‌ದು, ಗಡ್ಡವೂ ಕೆಜಿಎಫ್‌ದು. ಒಂದರ ಮೇಲೊಂದನ್ನ ಬಿಡೋದು ಬೇಡ. ಫ್ರೇಮ್ ಹಾಕಿಸಿ ಹಾಲಿನಲ್ಲಿ ತೂಗುಹಾಕ್ತೀನಿ."

ಫ್ರೇಮ್ ಎಂಬ ಮಾತು ಕೇಳಿ ದೊಡ್ಡಪ್ಪ ಒಂದು ಲೋಟ ನೀರು ಕುಡಿದರು. "ಗಡ್ಡ ಇರಲಿ ಕಣೋ. ಕೆನ್ನೆಯ ಮೇಲೆ, ಕತ್ತಿನ ಕೆಳಗೆ ಗೆರೆ ಎಳೆಸ್ಕೊಳ್ತೀಯಲ್ಲ, ಅದಕ್ಕೇನು ಮಾಡ್ತೀಯ?"

"ಸಲೂನು."

"ಅಲ್ಲಿರೋದು ಅರ್ಧ ಬ್ಲೇಡು ಸಿಕ್ಕಿಸೋ ಕತ್ತಿ. ಏಡ್ಸ್ ಭಯ ಬಂದಮೇಲೆ ಮಸೆಯೋ ಕತ್ತಿಯನ್ನ ಒಳಗಿಟ್ಟರು. ಸರಿಯೇ, ಹತ್ತು ಜನರ ಕೆನ್ನೆಗೆ ಒಂದು ಕತ್ತಿ ಆಗಬಾರದು. ನಿನ್ನ ಕೆನ್ನೆ ಒಂದೇ ತಾನೆ? ಕೂತ್ಕೋ."

ಹುಡುಗ ಕೂತ. ಬಿಸಿನೀರು ತಾಗಿಸಿದ ಟವೆಲ್, ಬ್ರಷ್ಷಿನಲ್ಲಿ ಕಲಸಿದ ನೊರೆ, ಆಮೇಲೆ ಕೆನ್ನೆಗೆ 30 ಡಿಗ್ರಿ ಓರೆಯಲ್ಲಿ ಕತ್ತಿ ಇಳಿಯಿತು. ಕತ್ತಿಯ ಜೊತೆಗೇ ದೊಡ್ಡಪ್ಪನ ಮಾತೂ ಇಳಿಯಿತು. 1890ರ ಕಾಯಿದೆ, ಉಕ್ಕಿನ ಹದ, 17 ಡಿಗ್ರಿ ಚಿಲ್ಲರೆ. ಜಿಲೆಟ್ ಎಂಬ ಮಹಾಶಯ 1904ರಲ್ಲಿ ಪೇಟೆಂಟ್ ಪಡೆದು, ಬಳಸಿ ಎಸೆಯುವುದನ್ನು ಜಗತ್ತಿಗೆಲ್ಲ ಕಲಿಸಿ ಕೆಡಿಸಿದ ವೃತ್ತಾಂತ. ನಮ್ಮ ಮನೆಯಲ್ಲಿ ಇಷ್ಟನ್ನೂ ಯಾರೂ ಪೂರ್ತಿ ಕೇಳಿದವರಿಲ್ಲ. ಎಲ್ಲರಿಗೂ ನಡುವೆ ಫೋನು ಬರುತ್ತದೆ, ಹಾಲು ಉಕ್ಕುತ್ತದೆ, ಬಸ್ಸಿಗೆ ಹೊತ್ತಾಗುತ್ತದೆ. ಗಂಟಲ ಮೇಲೆ ಕತ್ತಿಯಿರುವವನಿಗೆ ಇವೊಂದೂ ಇಲ್ಲ, ಹೂಂಗುಟ್ಟುವ ಸ್ವಾತಂತ್ರ್ಯವೂ ಇಲ್ಲ. ಅಲುಗಾಡದ ಎರಡು ಕಿವಿಗಾಗಿ ದೊಡ್ಡಪ್ಪ ಇಷ್ಟು ವರ್ಷ ರೇಡಿಯೋ, ಫ್ಯಾನು, ಮಿಕ್ಸಿಗಳನ್ನೆಲ್ಲ ಸರಿಮಾಡಿಕೊಟ್ಟು ಸೋತಿದ್ದರೆಂದು ನನಗೆ ಆಗ ಹೊಳೆಯಿತು.

ಗೆರೆ ಮಾತ್ರ ಸಲೂನಿನವರು ನಾಚುವಂತೆ ಬಂತು. ಹುಡುಗ ಕನ್ನಡಿಯಲ್ಲಿ ಎಡ ಬಲ ತಿರುಗಿ ನೋಡಿಕೊಂಡ. ಕತ್ತಿಯನ್ನು ಮನೆಗೆ ಒಯ್ಯಲಿಲ್ಲ. ಒಯ್ಯಲು ಬಿಡಲೂ ಇಲ್ಲ. ಪ್ರತಿ ಸಲ ಒರೆಸಿ, ಎಣ್ಣೆ ಸವರಿ, ಪಟ್ಟಿಗೆ ಎಳೆದಿಡುವ ಜವಾಬ್ದಾರಿ ಇವನಿಗೆ ಬರುವವರೆಗೆ ಕತ್ತಿ ದೊಡ್ಡಪ್ಪನ ಬೀರುವಿನಲ್ಲೇ ಇರತಕ್ಕದ್ದು. ಹುಡುಗ ಈಗ ಭಾನುವಾರಗಳಂದು ತಾನಾಗಿ ಬರುತ್ತಾನೆ.

ಮೊನ್ನೆ ನೆಂಟರೊಬ್ಬರ ಮದುವೆಯಲ್ಲಿ ಅವನ ಗೆಳೆಯರು ಗಡ್ಡದ ಗೆರೆಯನ್ನು ಹೊಗಳಿದರು. ಹುಡುಗ ಎಲೆಯ ಮುಂದೆ ಕೂತು ಗಂಟಲು ಸರಿಮಾಡಿಕೊಂಡ. "ಷೆಫೀಲ್ಡ್ ಕತ್ತಿ ಕಣ್ರೋ. 1956ರಲ್ಲಿ ಜಾನ್ ಟೇಲರ್ ಕಂಪನಿಯ ಡೈರೆಕ್ಟರ್ ಲಂಡನ್ನಿಗೆ ಹೊರಡುವಾಗ, ನಮ್ಮ ತಾತನ ಕೈಹಿಡಿದು ಕೊಟ್ಟದ್ದು."

ಪಕ್ಕದ ಎಲೆಯಲ್ಲೇ ದೊಡ್ಡಪ್ಪ ಕೂತಿದ್ದರು. ಒಂದು ಮೈಕ್ರಾನಿನ ವ್ಯತ್ಯಾಸಕ್ಕೂ ಜಗಳಕ್ಕೆ ನಿಲ್ಲುವ ಮನುಷ್ಯ, ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡು ಸುಮ್ಮನೆ ಕೇಳುತ್ತಿದ್ದರು.