ಜಿಪಿಎ ಸಾಹೇಬರ ಸನ್ನಿಧಾನಕ್ಕೆ

ಶ್ರೀಮಾನ್ ಜನರಲ್ ಪವರ್ ಆಫ್ ಅಟಾರ್ನಿ ಉರ್ಫ್ ಮುಖ್ತಿಯಾರ್‌ನಾಮೆ ಸಾಹೇಬರಿಗೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹೊಲದ ಮಾಲೀಕರು ಮಾಡುವ ಸಲಾಮು.

ಸಾಹೇಬರು ಈ ಸೀಮೆಗೆ ಹೊಸಬರಲ್ಲ. ನಿಜಾಮರು ಹೋದರೂ ‘ಮುಖ್ತಿಯಾರ್’ ಎಂಬ ಮಾತು ಹೋಗಲಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ಅಪ್ಪಣೆ ಹೊರಡಿಸುವ ಪದ್ಧತಿಯಂತೂ ಅದಕ್ಕಿಂತ ಹಳೆಯದು. ಅಶೋಕನ ಬ್ರಹ್ಮಗಿರಿ ಶಾಸನ ಹೊರಟಿದ್ದೇ ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರ ಮಾತಿನ ಮೇಲೆ. ಬಂಡೆಗಳ ಮೇಲೆ ‘ದೇವಾನಾಂಪಿಯ’ ಎಂಬ ಬಿರುದೇನೋ ಇತ್ತು. ಒಡೆಯನ ಸ್ವಂತ ಹೆಸರು ಮೊದಲು ಕಂಡದ್ದು 1915ರಲ್ಲಿ, ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಶಾಸನವನ್ನು ಪತ್ತೆಮಾಡಿದಾಗ. ಸಾಹೇಬರ ದರ್ಬಾರಿನಲ್ಲೂ ಅಷ್ಟೇ. ಅಧಿಕಾರ ನಡೆಸುವವರು ಎದುರಿಗೇ ಇರುತ್ತಾರೆ, ಒಡೆಯನನ್ನು ಹುಡುಕಿ ತರಬೇಕು.

ಎಡದಂಡೆ ಕಾಲುವೆಯ ನೀರು ಸರಿಯಾಗಿ ಮುಟ್ಟದ ಕೊನೇ ಭಾಗದ ರೈತ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾನೆ. ನಾಲ್ಕೆಕರೆ ನೋಡಿಕೊಳ್ಳಲೆಂದು ಬಾಂಡ್ ಪೇಪರಿನಲ್ಲಿ ಸಾಹೇಬರನ್ನು ಕೂಡಿಸಿ ಬಸ್ಸು ಹತ್ತುತ್ತಾನೆ. ಟೈಪಿಂಗ್ ಅಂಗಡಿಯವನು ಹಳೆಯ ನಮೂನೆಯಲ್ಲಿ ಹೆಸರಷ್ಟೇ ಬದಲಿಸಿರುತ್ತಾನೆ. ‘ನೋಡಿಕೊಳ್ಳುವ’ ಎಂಬುದರ ಬೆನ್ನಿಗೇ ‘ಮಾರುವ, ಅಡವಿಡುವ’ ಎಂಬವೂ ಸಾಲುಗಟ್ಟಿ ಬಂದಿರುತ್ತವೆ. ಹಬ್ಬಕ್ಕೆ ಊರಿಗೆ ಬಂದರೆ ಹೊಲದ ತುಂಬ ಪ್ಲಾಟಿನ ಕಲ್ಲು.

ಸಾಹೇಬರ ಹೆಸರಿನಲ್ಲಿ 1882ರ ಕಾಯ್ದೆಯೇ ಇದೆ. ಆಯುಷ್ಯ ಬರೆದದ್ದು ಮಾತ್ರ 1872ರ ಕರಾರು ಕಾಯ್ದೆ. ಅಧಿಕಾರ ಕೊಟ್ಟವನು ಸತ್ತರೆ ಅಧಿಕಾರವೂ ಮುಗಿಯಿತು ಎನ್ನುತ್ತದೆ ಅದರ 201ನೇ ಕಲಂ. (ಮುಖ್ತಿಯಾರನಿಗೇ ಆಸ್ತಿಯಲ್ಲಿ ಹಿತವಿದ್ದರೆ 202ನೇ ಕಲಂ ಬೇರೆ ಮಾತು ಹೇಳುತ್ತದೆ, ವಕೀಲರ ಮನೆಯ ಒಲೆ ಉರಿಯುವುದು ಅಲ್ಲಿಯೇ.) ಮಾಲೀಕನ ದಿನಕರ್ಮದ ಊಟ ಮುಗಿದ ಮೇಲೂ ಸಾಹೇಬರು ಕಚೇರಿಯ ಮೆಟ್ಟಿಲು ಹತ್ತುವುದುಂಟು.

2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಜಿಪಿಎ ವ್ಯವಹಾರದಿಂದ ಸ್ಥಿರಾಸ್ತಿಯ ಮಾಲೀಕತ್ವ ಕೈ ಬದಲಾಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು. ಹೆಂಡತಿಗೋ ಮಗನಿಗೋ ಪ್ರಾಮಾಣಿಕವಾಗಿ ಕೊಟ್ಟ ಪತ್ರಗಳಿಗೆ ಕೋರ್ಟು ಅಡ್ಡಿ ಮಾಡಲಿಲ್ಲ. ಈ ತೀರ್ಪು ಇನ್ನೂ ಚಹಾದಂಗಡಿಯ ತನಕ ಬಂದಿಲ್ಲ. ಅಲ್ಲಿನ ಕಾನೂನು ಒಂದೇ: “ಜಿಪಿಎ ಐತಲ್ರಿ, ಮತ್ತ್ಯಾಕ ರಿಜಿಸ್ಟ್ರಿ?”

ಸಾಹೇಬರಲ್ಲಿ ಅರಿಕೆ ಇಷ್ಟೇ. ಹೊಲ ನೋಡಿಕೊಳ್ಳಲು ಬಂದವರು ಹೊಲ ನೋಡಿಕೊಂಡಿರಬೇಕು. ತಪ್ಪಿದರೆ ರದ್ದತಿ ಪತ್ರ, ಮುಖ್ತಿಯಾರನಿಗೊಂದು ನೋಟಿಸು, ಪತ್ರಿಕೆಯಲ್ಲೊಂದು ಪ್ರಕಟಣೆ, ಮೂರೂ ತಯಾರಿವೆ.

ಇತಿ,
ಪಹಣಿಯ 9ನೇ ಕಾಲಂನಲ್ಲಿ ಇನ್ನೂ ಹೆಸರಿರುವ ಮಾಲೀಕರು
(ಸಹಿ ಖುದ್ದಾಗಿ ಹಾಕಿದ್ದಾರೆ, ಪರವಾಗಿ ಯಾರೂ ಹಾಕಿಲ್ಲ.)