ಓದುವ ಕೋಣೆಯ ಫೋನ್ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಗರ ಗ್ರಂಥಾಲಯದ ಓದುವ ಕೋಣೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯನ್ನು ದಿನಾ ಅಲಂಕರಿಸುವ ತಮಗೆ, ಅಲ್ಲೇ ಕೂತು ಓದಲು ಹೆಣಗುವವರೆಲ್ಲರ ನಮಸ್ಕಾರ.

ಮೊದಲಿಗೆ ಕೃತಜ್ಞತೆ. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆಂದು ಇಲ್ಲಿ ಬರುವ ಹುಡುಗ ಹುಡುಗಿಯರಿಗೆ ಸಂವಿಧಾನದ ವಿಧಿಗಳು ಇನ್ನೂ ಬಾಯಿಗೆ ಬಂದಿಲ್ಲ. ತಮ್ಮ ಸೈಟಿನ ಚೆಕ್ಕುಬಂದಿ ಮಾತ್ರ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಷಡ್ಡಕರ ತಕರಾರು ಎಂಬಲ್ಲಿಯವರೆಗೆ ಕಂಠಪಾಠವಾಗಿದೆ. ತಾವು ಸ್ಪೀಕರ್ ಹಾಕುವುದರಿಂದ ಆ ಕಡೆಯವರ ವಾದವೂ ಕಿವಿಗೆ ಬೀಳುತ್ತದೆ. ಒಂದೇ ಪಕ್ಷ ಕೇಳಿ ತೀರ್ಪು ಕೊಟ್ಟ ಪಾಪ ನಮಗೆ ತಟ್ಟಿಲ್ಲ.

'ನಿಶ್ಶಬ್ದ' ಎಂಬ ಫಲಕ ತಮ್ಮ ತಲೆಯ ಮೇಲೇ ಇದೆ, ಬಹುಶಃ ಅದಕ್ಕೇ ಕಾಣುವುದಿಲ್ಲ. ಗ್ರಂಥಪಾಲಕರು ಒಮ್ಮೆ ಕೆಮ್ಮಿ ನೋಡಿದರು. "ಇಲ್ಲಿ ಯಾರೋ ಕೆಮ್ತಿದಾರೆ, ಸ್ವಲ್ಪ ಜೋರಾಗಿ ಹೇಳಿ" ಅಂದಿರಿ ಫೋನಿಗೆ.

ಕಾನೂನೂ ತಮ್ಮ ಪರವೇ. 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಿಕ್ಷಣ ಸಂಸ್ಥೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಎಂದವು. ಹಗಲಿಗೆ ಮಿತಿ 50 ಡೆಸಿಬಲ್. ಗ್ರಂಥಾಲಯವನ್ನು ಹೆಸರಿಸಲಿಲ್ಲ. ಅಲ್ಲೂ ಗದ್ದಲ ಎಬ್ಬಿಸುವ ಪ್ರತಿಭೆ ಹುಟ್ಟೀತೆಂದು ಯಾರಿಗೆ ತಾನೇ ಹೊಳೆಯಬೇಕು? ಎದುರುಬದುರು ಕೂತು ಆಡುವ ಸಾಧಾರಣ ಮಾತೇ 60 ಡೆಸಿಬಲ್ ಆಸುಪಾಸು ಇರುತ್ತದಂತೆ. ತಮ್ಮದನ್ನು ಅಳೆಯುವ ಧೈರ್ಯ ನಮಗಿಲ್ಲ.

"ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರಾನೂ ಕಟ್ತೀನಿ ಕಣ್ರೀ" ಎಂದು ಒಮ್ಮೆ ಗುಡುಗಿದಿರಿ. ನಿಜ, 1965ರ ಗ್ರಂಥಾಲಯ ಕಾಯ್ದೆ ಅದನ್ನು ವಸೂಲು ಮಾಡಿಸುತ್ತದೆ. ಆದರೆ ಸ್ವಾಮಿ, ತಕರಾರಿಗಾದರೂ ತಮಗೊಂದು ಸೈಟಿದೆ. ಈ ಮಕ್ಕಳಲ್ಲಿ ಹಲವರದು ಒಂದೇ ಕೋಣೆಯ ಬಾಡಿಗೆ ಮನೆ; ಅದರಲ್ಲೇ ಟಿ.ವಿ., ಅದರಲ್ಲೇ ಒಗ್ಗರಣೆ, ಅದರಲ್ಲೇ ತಮ್ಮನ ರಂಪ. ಖಾಸಗಿ ಸ್ಟಡಿ ರೂಮುಗಳು ಮೌನವನ್ನು ತಿಂಗಳ ಲೆಕ್ಕದಲ್ಲಿ ಮಾರುತ್ತವೆ. ಅದನ್ನು ಕೊಳ್ಳಲಾಗದವರೇ ಬೆಳಗಾಗುತ್ತಲೇ ಇಲ್ಲಿ ಬಾಗಿಲು ಕಾಯುವುದು.

ಆದ್ದರಿಂದ ಒಂದು ಅರಿಕೆ. ಆವರಣದಲ್ಲಿ ಬೇವಿನ ಮರವಿದೆ, ಅದರಡಿ ಕಲ್ಲುಬೆಂಚಿದೆ, ನೆಟ್‌ವರ್ಕೂ ಒಳಗಿಗಿಂತ ಚೆನ್ನಾಗಿದೆ. ಮುಂದಿನ ಕಂತುಗಳು ಅಲ್ಲೇ ನಡೆಯಲಿ. ಖಾತೆ ಆದರೆ ಮಾತ್ರ ಒಂದು ಚೀಟಿ ಬರೆದು ಒಳಗೆ ಕಳಿಸಿ. ಹಿಂದಿನ ಸಾಲಿನ ಹುಡುಗಿ ವಿಚಾರಿಸುತ್ತಿದ್ದಳು.

ಇಂತಿ,
ತಮ್ಮ ಖಾಯಂ ಶ್ರೋತೃವರ್ಗ