ತೂಕ ಎಷ್ಟೈತೆ?

ಭೌತಶಾಸ್ತ್ರದ ಮೇಷ್ಟ್ರು ಅಳಿಯನಾಗಿ ಸಿಕ್ಕರೆ ಹೆಣ್ಣು ಕೊಟ್ಟವರಿಗೆ ಅಂಥ ಲಾಭವೇನಿಲ್ಲ. ಬೋರ್‌ವೆಲ್ ಮೋಟರ್ ಸುಟ್ಟರೆ ವೈಂಡಿಂಗ್ ಅಂಗಡಿಗೇ ಹೋಗಬೇಕು, ಫ್ಯೂಸ್ ಹಾಕುವ ಹುಡುಗನಿಗೇ ಫೋನ್ ಮಾಡಬೇಕು. ಹಾಗಾಗಿ ಚನ್ನಗಿರಿಯ ನಮ್ಮ ಮಾವನವರು ನನಗೆ ಬೇರೆ ಕೆಲಸ ಹಚ್ಚಿದ್ದಾರೆ. ಹಬ್ಬಕ್ಕೆಂದು ಹೊನ್ನಾಳಿಯಿಂದ ಹೋದಾಗ, ರಾತ್ರಿ ಊಟವಾದ ಮೇಲೆ ಟೀವಿಯಲ್ಲಿ ಅನ್ಯಗ್ರಹದವರ ಸಿನಿಮಾ ಬಂದರೆ, ಆಕಾಶದಿಂದ ಇಳಿದದ್ದು ಏನು, ಹೆಂಗೆ ಇಳಿಯಿತು ಅಂತ ನಾನು ಬಿಡಿಸಿ ಹೇಳಬೇಕು.

ಮಾವನವರದು ಅಡಿಕೆ ತೋಟ, ಜೊತೆಗೆ ಒಂದಿಷ್ಟು ಖೇಣಿ ವ್ಯವಹಾರ. ಮರದ ಬುಡದಲ್ಲಿ ನಿಂತು ಕತ್ತೆತ್ತಿ ಗೊನೆ ನೋಡಿ, ಒಣಗಿದ ಮೇಲೆ ಇಷ್ಟು ಕ್ವಿಂಟಲ್ ಬೀಳುತ್ತೆ ಅನ್ನುವವರು. ಮೇಲೆ ತೂಗುತ್ತಿರುವ ಯಾವುದನ್ನು ಕಂಡರೂ ಅವರ ಬಾಯಲ್ಲಿ ಬರುವುದು ಒಂದೇ ಪ್ರಶ್ನೆ.

‘ಇಂಡಿಪೆಂಡೆನ್ಸ್ ಡೇ’ ಬಂದಿತ್ತು, 1996ರದು. ಅದರಲ್ಲಿ ತಟ್ಟೆಯಂಥ ಒಂದು ಹಡಗು ಬಂದು ನಗರದ ಮೇಲೆ ಅಲ್ಲಾಡದೆ ನಿಲ್ಲುತ್ತದೆ. ಅಗಲ ಹದಿನೈದು ಮೈಲಿ, ಅಂದರೆ 24 ಕಿಲೋಮೀಟರ್. ಹೊನ್ನಾಳಿಯ ನೆತ್ತಿಗೆ ನಿಂತರೆ ಅದರ ಅಂಚು ನ್ಯಾಮತಿಯ ಹೊಸ್ತಿಲಿಗೆ ಬರುತ್ತದೆ ಎಂದೆ. ಹದಿನಾರು ಹದಿನೇಳು ಸೂಳೆಕೆರೆ ಹಿಡಿಸುವಷ್ಟು ಜಾಗ ಎಂದೂ ಸೇರಿಸಿದೆ. ಕೆರೆಗೆ ಶಾಂತಿಸಾಗರ ಅಂತ ಎಂಥಾ ಒಳ್ಳೆ ಹೆಸರಿದ್ದರೂ ಮಾವನವರ ಮುಂದೆ ಹಳೆಯದನ್ನೇ ಹೇಳಬೇಕು, ಇಲ್ಲದಿದ್ದರೆ ಅದು ಯಾವ ಊರದು ಅಂತಾರೆ.

ಮಾವನವರು ಎಲೆಗೆ ಸುಣ್ಣ ಸವರುತ್ತಾ ಕೇಳಿದರು: “ತೂಕ ಎಷ್ಟೈತೆ?”

ತೂಕ ಸಿನಿಮಾದವರು ಹೇಳಿಲ್ಲ. “ಆಯ್ತು, ಬರೀ ಒಂದು ಮೀಟರ್ ದಪ್ಪದ ಉಕ್ಕಿನ ಹಾಳೆ ಅಂತ ಇಟ್ಕಳ್ಳಿ ಮಾವ” ಅಂದು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಸುಮಾರು 350 ಕೋಟಿ ಟನ್ ಬಂತು. ಮಾವನವರು ಸುಣ್ಣದ ಬೆರಳನ್ನು ಹಾಗೇ ಹಿಡಿದು, “ಅದನ್ನ ಯಾವನು ಎತ್ತಿ ಹಿಡಿದವ್ನೆ?” ಎಂದರು.

ನೋಡಿ, ನಾನು ಇಡೀ ವರ್ಷ ಪಿಯುಸಿ ಮಕ್ಕಳಿಂದ ಕೇಳಿಸಿಕೊಳ್ಳಬೇಕು ಅಂತ ಕಾಯುವ ಪ್ರಶ್ನೆ ಇದು. ನ್ಯೂಟನ್ನನ ಮೂರನೇ ನಿಯಮ ಬಾಯಿಪಾಠ ಒಪ್ಪಿಸುತ್ತಾರೆಯೇ ಹೊರತು ಯಾವನು ಎತ್ತಿ ಹಿಡಿದಿದ್ದಾನೆ ಅಂತ ಒಬ್ಬನೂ ಕೇಳುವುದಿಲ್ಲ. ಮಾವನವರಿಗೆ ನಿಯಮ ಗೊತ್ತಿಲ್ಲ. ಆದರೆ ಚುನಾವಣೆ ಹೊತ್ತಿಗೆ ಬಂದ ಹೆಲಿಕಾಪ್ಟರ್ ಗೊತ್ತು. ಅವತ್ತು ಮೈದಾನಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆದಿದ್ದರೂ ಕೆಂಪು ಧೂಳೆದ್ದು, ಶಾಮಿಯಾನದ ಒಂದು ಮೂಲೆ ಕಿತ್ತು, ಚಿತ್ರಾನ್ನದ ಪಾತ್ರೆಗೆಲ್ಲ ಮಣ್ಣಿನ ಒಗ್ಗರಣೆ ಬಿದ್ದಿತ್ತು. ತಾನು ಮೇಲೆ ನಿಲ್ಲಬೇಕಾದರೆ ತನ್ನ ತೂಕದಷ್ಟು ಬಲದಿಂದ ಗಾಳಿಯನ್ನು ಕೆಳಕ್ಕೆ ನೂಕಬೇಕು. ಕೆಲವೇ ಟನ್ನಿನ ಹೆಲಿಕಾಪ್ಟರಿಗೇ ಚಿತ್ರಾನ್ನದ ಗತಿ ಹಾಗಾದರೆ, ನಮ್ಮ ಉಕ್ಕಿನ ಹಾಳೆ ಗಂಟೆಗೆ ಕಡಿಮೆಯೆಂದರೂ ಆರುನೂರು ಕಿಲೋಮೀಟರ್ ವೇಗದಲ್ಲಿ ಗಾಳಿ ನೂಕಬೇಕಾಗುತ್ತದೆ. ನಗರ ಹಾಳುಮಾಡಲು ಸಿನಿಮಾದಲ್ಲಿ ಅದು ಬಿಡುವ ಬೆಂಕಿಯ ಕಂಬವೇ ಬೇಕಿಲ್ಲ. ಸುಮ್ಮನೆ ನಿಂತಿದ್ದರೂ ಕೆಳಗೆ ಒಂದು ಅಡಿಕೆ ಮರ ಉಳಿಯದು.

“ಅದನ್ನ ಮೊದ್ಲೇ ಹೇಳ್ಬಾರ್ದಾ” ಎಂದು ಮಾವನವರು ತೋಟದ ದಿಕ್ಕಿಗೆ ನೋಡಿದರು.

ಆ ಸಿನಿಮಾದ ತಾಯಿಹಡಗು ಇನ್ನೂ ಮೋಜು. ಅಡ್ಡಗಲ 550 ಕಿಲೋಮೀಟರಿಗೂ ಚೂರು ಹೆಚ್ಚು, ತೂಕ ಚಂದ್ರನ ಕಾಲುಭಾಗ ಅಂತ ಒಬ್ಬ ಅಧಿಕಾರಿ ಗಂಭೀರವಾಗಿ ಹೇಳುತ್ತಾನೆ. ಅಬ್ಬಾ, ಕೊನೆಗೂ ತೂಕ ಸಿಕ್ಕಿತು ಅಂತ ಭಾಗಿಸಿದರೆ, ಪೂರ್ತಿ ಗೋಲವಾಗಿದ್ದರೂ ಅದರ ಸಾಂದ್ರತೆ ಚಿನ್ನದ ಹತ್ತುಪಟ್ಟಿಗಿಂತ ಹೆಚ್ಚು! ಹೊನ್ನಾಳಿಯವನಾಗಿ ನನಗೆ ಹೆಸರಿನಲ್ಲಾದರೂ ಹೊನ್ನಿನ ನಂಟಿದೆ. ಅಂಥ ಹೊನ್ನು ನಾನು ಕೇಳಿಲ್ಲ. ಮಾವನವರ ತಕರಾರು ಬೇರೆ: “ಒಳಗೆಲ್ಲ ಗಟ್ಟಿ ಅಂದ್ಮೇಲೆ ಅವ್ರು ಕುಂತಿದ್ದೆಲ್ಲಿ?”

ಮುಂದೊಂದು ಸಲ ಅವರನ್ನು ಮಣಿಸಲೆಂದೇ 2016ರ ‘ಅರೈವಲ್’ ತೋರಿಸಿದೆ. ಅದರಲ್ಲಿ ಹನ್ನೆರಡು ಕಡೆ ಹನ್ನೆರಡು ಕಪ್ಪು ಚಿಪ್ಪುಗಳು ನೆಲಕ್ಕೆ ತಾಗದೆ ನಿಂತಿರುತ್ತವೆ. ಹೊಗೆಯಿಲ್ಲ, ಸದ್ದಿಲ್ಲ. ಮಾವನವರು ಚಿಪ್ಪನ್ನು ನೋಡಲೇ ಇಲ್ಲ, ಅದರ ಬುಡ ನೋಡಿದರು. “ಹುಲ್ಲು ಅಲ್ಲಾಡ್ತಿಲ್ಲ” ಎಂದು ಎದ್ದು ಮಲಗಲು ಹೋದರು. ಗುರುತ್ವವನ್ನೇ ಬಗ್ಗಿಸಿದ್ದಾರೆ ಮಾವ, ಒಳಗೆ ಹೋದವರು ಗೋಡೆ ಮೇಲೆ ನಡೀತಾರೆ ಅಂತ ನಾನು ಹಿಂದಿನಿಂದ ಕೂಗಿದ್ದಕ್ಕೆ, ಕೋಣೆಯಿಂದ “ಅದಕ್ಕೆ ತ್ರೀ ಫೇಸ್ ಕರೆಂಟ್ ಎಲ್ಲಿಂದ?” ಅಂತ ಬಂತು.

ನ್ಯಾಮತಿಯಲ್ಲಿ ನನ್ನ ಹೆಂಡತಿಯ ಅಕ್ಕ ಇದ್ದಾರೆ, ಮೆಕ್ಕೆಜೋಳದ ಹೊಲ. ಅಪ್ಪನ ಮಗಳೇ. ಅವರ ಮಗನಿಗೆ 1968ರ ಕುಬ್ರಿಕ್ ಸಿನಿಮಾದ ಕರೀ ಚಪ್ಪಡಿಯನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದೆ. ದಪ್ಪ, ಅಗಲ, ಎತ್ತರ 1, 4, 9 ಅಂತ ಅದೇ ಕಥೆಯ ಕಾದಂಬರಿಕಾರ ಕ್ಲಾರ್ಕ್ ಬರೆದಿದ್ದಾನೆ. ಒಂದು, ಎರಡು, ಮೂರರ ವರ್ಗ. ಚಂದ್ರನಲ್ಲಿ ಅದನ್ನು ಲಕ್ಷಾಂತರ ವರ್ಷ ಹೂತಿಟ್ಟಿರುತ್ತಾರೆ. ಅಗೆದು ತೆಗೆದಾಗ ಬಿಸಿಲು ಬಿದ್ದ ಕೂಡಲೇ ಕಿವಿ ಹರಿಯುವಂತೆ ರೇಡಿಯೋ ಸದ್ದು ಹೊರಡುತ್ತದೆ. ಯಾಕೆ ಅಂತ ದೊಡ್ಡ ದೊಡ್ಡವರೇ ತಲೆ ಕೆರೆದುಕೊಂಡ ಜಾಗ ಅದು. ಅಕ್ಕ ರೊಟ್ಟಿ ತಟ್ಟುತ್ತಾ ಕಣ್ಣು ಹಾಯಿಸಿ, “ಸೋಲಾರ್ ಬೇಲಿ ಇದ್ದಂಗೆ. ಹಂದಿ ಬಂದ್ರೆ ಗೊತ್ತಾಗ್ಲಿ ಅಂತ ಇಟ್ಟವ್ರೆ” ಎಂದರು. ಕ್ಲಾರ್ಕ್ ಹೇಳಿದ್ದೂ ಹೆಚ್ಚುಕಡಿಮೆ ಅದೇ: ನೆಲದಡಿ ಹೂತ ಬಿಸಿಲಿನ ಗಂಟೆ, ಅಗೆಯುವಷ್ಟು ಬುದ್ಧಿ ಬಂದ ಪ್ರಾಣಿ ಬಂತು ಅಂತ ತಿಳಿಸಲು. ಆ ಪ್ರಾಣಿ ನಾವೇ. ಹಂದಿಯ ವಿಷಯ ನಾನು ಮುಂದುವರಿಸಲಿಲ್ಲ. ಕಲ್ಲು ಚೆನ್ನಾಗಿದೆ, ಊರ ಮುಂದಿನ ಕರುಗಲ್ಲಿನಂತೆ ಅರಿಶಿನ ಕುಂಕುಮ ಹಚ್ಚಿದ್ದರೆ ಲಕ್ಷಣವಾಗಿರುತ್ತಿತ್ತು ಅಂತಲೂ ಅಕ್ಕ ಹೇಳಿದರು.

ಹಾರುವ ತಟ್ಟೆಗಳು ಗಕ್ಕನೆ ನಿಂತು ಗಕ್ಕನೆ ತಿರುಗುವುದರ ಪಾಠ ಮಾತ್ರ ಜಗಳೂರಿನ ಬಸ್ಸಿನಲ್ಲಾಯಿತು. ಮಾವನವರ ಜೊತೆ ಮದುವೆಗೆ ಹೊರಟಿದ್ದೆ. ಉಬ್ಬು ಕಂಡು ಡ್ರೈವರ್ ಬ್ರೇಕ್ ಒತ್ತಿದ್ದೇ ತಡ, ಯಾರದೋ ಹಾಲಿನ ಕ್ಯಾನು ಸೀಟಿನಡಿಯಿಂದ ಹೊರಟು ನನ್ನ ಮೊಣಕಾಲಿಗೆ ಬಂದು ಸೇರಿತು. ಮೊಣಕಾಲು ತಿಕ್ಕಿಕೊಳ್ಳುತ್ತಲೇ ಲೆಕ್ಕ ಒಪ್ಪಿಸಿದೆ: ಗಂಟೆಗೆ ಮೂರು ಸಾವಿರ ಕಿಲೋಮೀಟರಿನಲ್ಲಿ ಬರುವ ತಟ್ಟೆ ಒಂದೇ ಸೆಕೆಂಡಿನಲ್ಲಿ ನಿಂತರೆ, ಒಳಗಿನ ಅರವತ್ತು ಕೆಜಿ ಪ್ರಾಣಿಯ ಮೇಲೆ ಬೀಳುವ ಒತ್ತು ಐವತ್ತು ಕ್ವಿಂಟಲ್ ದಾಟುತ್ತದೆ. ಮಾವನವರಿಗೆ ಕ್ವಿಂಟಲ್ ಅಂದಕೂಡಲೇ ಅರ್ಥವಾಯಿತು. “ಚೊಗರಾಗಿ ಹೋಗ್ತಾನೆ” ಎಂದರು.

ಜಗಳೂರಿನಿಂದ ಆಗ್ನೇಯಕ್ಕೆ ಚಳ್ಳಕೆರೆ. ಅಲ್ಲಿನ ರನ್‌ವೇಯಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದವರು ರೆಕ್ಕೆಯ ನೌಕೆಯೊಂದನ್ನು ಚಿನೂಕ್ ಹೆಲಿಕಾಪ್ಟರಿಗೆ ಕಟ್ಟಿ, ನಾಲ್ಕೂವರೆ ಕಿಲೋಮೀಟರ್ ಮೇಲೆ ಒಯ್ದು ಬಿಟ್ಟರು. ಅದು ಎಂಜಿನ್ನಿಲ್ಲದೆ, ಪೈಲಟ್ಟಿಲ್ಲದೆ, ತಾನೇ ದಾರಿ ನೋಡಿಕೊಂಡು ತೇಲಿ ಬಂದು ನೆಲ ಮುಟ್ಟಿತು. ಮರುವರ್ಷ ಮಾರ್ಚಿನಲ್ಲಿ ಇಳಿದದ್ದಕ್ಕೆ ಪುಷ್ಪಕ್ ಅಂತ ಹೆಸರು. ಮದುವೆ ಮನೆಯಲ್ಲಿ ಪಂಕ್ತಿಗೆ ಕಾಯುತ್ತಾ ಇದನ್ನೆಲ್ಲ ಹೇಳಿ, ಫೋನಿನಲ್ಲಿ ವಿಡಿಯೋ ತೋರಿಸಿದೆ. ಹಿಂಬದಿಯಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡು ಓಡುವುದನ್ನು ಮಾವನವರು ಎರಡೆರಡು ಸಲ ನೋಡಿದರು. ನಾನು ಪ್ರಶ್ನೆಗೆ ಸಿದ್ಧನಾಗಿಯೇ ಕೂತಿದ್ದೆ.

“ತೂಕ ಎಷ್ಟೈತೆ?”

“ಇದರ ಅಣ್ಣ ಒಬ್ಬ 2016ರ ಮೇ ತಿಂಗಳಲ್ಲಿ ಶ್ರೀಹರಿಕೋಟಾದಿಂದ ಹಾರಿದ್ದ. ಅವನದು 1.75 ಟನ್. ಹದಿನೇಳೂವರೆ ಕ್ವಿಂಟಲ್, ಮಾವ.”

ಮಾವನವರು ಫೋನನ್ನು ಕೊಂಚ ದೂರ ಹಿಡಿದು, ಗೊನೆ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು.

“ಹಂಗಾರೆ ನಮ್ ಟೆಂಪೋದಾಗೆ ಬರ್ತೈತೆ” ಎಂದರು. “ರೆಕ್ಕೆ ಒಂದೀಟು ಹೊರಗೆ ಬಿಟ್ಕಂಡು ಕಟ್ಟಬೇಕು. ಹಗ್ಗ ಐತೆ.”